ಗಾದಿ ಹೊಲಿಯಾಕ ಇಂಗ್ಲಿಷ್ ಬೇಕೇನ?

ಗಾದಿಯ ಹೊಟ್ಟೆ ಸೀಳಿದ ಕೂಡಲೇ ಮುಖಕ್ಕೆ ಬಡಿದದ್ದು ವಾಸನೆ. ಹಳೆಯ ಉಚ್ಚೆ, ಬೆವರು, ಹಳಸಿದ ಎಣ್ಣೆ. ಗುಲಫಶಾ ತಲೆ ಹಿಂದಕ್ಕೆಳೆದುಕೊಂಡು ದುಪ್ಪಟ್ಟಾದಿಂದ ಮೂಗು ಬಾಯಿ ಬಿಗಿದು ಕಟ್ಟಿಕೊಂಡಳು. ಮತ್ತೆ ಬಾಗಿದಳು. ಗೌರೀಶ ಸರ್ ಅವರ ತಂದೆ ಲಕ್ವಾ ಹೊಡೆದು ಹಾಸಿಗೆ ಹಿಡಿದು ಸತ್ತದ್ದು ಊರಿಗೆಲ್ಲ ಗೊತ್ತು. ಸತ್ತ ಹಾಸಿಗೆ ಇದೇ ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ನಡುವಿನ ಅರಳೆ ಹಳದಿಯಾಗಿ, ಕಲ್ಲಿನಷ್ಟು ಗಟ್ಟಿಯಾಗಿ, ಹೆಂಟೆ ಕಟ್ಟಿತ್ತು.

ಹೆಂಟೆಯನ್ನು ಕೈಯಿಂದಲೇ ಹರಿಯಬೇಕು. ಉಗುರು ಹಾಕಿ ಬಿಡಿಸಬೇಕು. ಬಿಡಿಸಿದ್ದನ್ನು ಹಿತ್ತಲಿನ ಬಿಸಿಲಿಗೆ ಹರವಬೇಕು. ಒಣಗಿದ ಮೇಲೆ ಕೋಲಿನಿಂದ ಬಡಿಯಬೇಕು. ಬಡಿದಂತೆಲ್ಲ ಧೂಳು ಏಳುತ್ತದೆ. ಅದು ಕಣ್ಣಿಗೆ, ಕಿವಿಗೆ, ಗಂಟಲಿಗೆ ಇಳಿಯುತ್ತದೆ. ಸಂಜೆ ಕಫ ಉಗುಳಿದರೆ ಅದರಲ್ಲಿ ಅರಳೆಯ ಎಳೆ ಇರುತ್ತದೆ.

ಪಡಸಾಲೆಯ ಹಿಂದಿನ ಕಿಟಕಿ ಈ ಹಿತ್ತಲಿಗೇ ತೆರೆಯುತ್ತಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಗೌರೀಶ ಸರ್ ಗುಲಫಶಾಳದೇ ತರಗತಿಯ ಶೀತಲಳಿಗೆ ಇಂಗ್ಲಿಷ್ ಕಲಿಸುತ್ತಿದ್ದರು.

ಗುಲಫಶಾ ಕೈಯನ್ನು ಅರಳೆಗೆ ಕೊಟ್ಟು ಕಿವಿಯನ್ನು ಕಿಟಕಿಗೆ ಕೊಟ್ಟಿದ್ದಳು. ಕೋಲು ಬಡಿದರೆ ಪಾಠ ಕೇಳಿಸುವುದಿಲ್ಲ. ಪಾಠ ಕೇಳಲೆಂದು ಕೋಲು ನಿಲ್ಲಿಸಿದರೆ ಅಡುಗೆಮನೆಯಿಂದ ಸರ್ ಅವರ ತಾಯಿ ಸೋಮವ್ವನ ದನಿ ಬರುತ್ತದೆ.

“ಏ ಹುಡುಗೀ, ಯಾಕ ನಿಂತ ಹೋತು? ಕೈ ಸೇದ್ಯಾವೇನು?”

ಕೋಲು ಮತ್ತೆ ಶುರುವಾಗುತ್ತದೆ. ಪಾಠ ಮತ್ತೆ ಹೋಗುತ್ತದೆ.

ಸುರೇಬಾನದಿಂದ ರಾಮದುರ್ಗದ ಬಸ್ಸು ಹಿಡಿದರೆ ನಡುವೆ ಸಿಗುವ ಊರು ಅದು. ಊರಿನಲ್ಲಿ ನದಾಫರ, ಅಂದರೆ ಪಿಂಜಾರರ, ಮನೆ ಬೆರಳೆಣಿಕೆಯಷ್ಟು. ಅದರಲ್ಲಿ ಈಗಲೂ ಅರಳೆ ಹಿಂಜಿ ಗಾದಿ ಹಾಕುವ ಮನೆ ಗುಲಫಶಾಳ ಅಪ್ಪ ಬುರಾನಸಾಬನದು ಒಂದೇ. ಮನೆಯಲ್ಲಿ ಆಡುವುದು ಕನ್ನಡ. ಗುಲಫಶಾ ಕನ್ನಡದಲ್ಲಿ ಕ್ಲಾಸಿಗೇ ಮುಂದು. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಎಲ್ಲ ವಿಷಯ ಪಾಸಾಗಿದ್ದಳು. ಇಂಗ್ಲಿಷ್ ಒಂದು ಹೋಗಿತ್ತು.

ಅದು ಹೋಗದೆ ಏನಾದೀತು? ಹತ್ತನೆಯ ತರಗತಿ ಪೂರ್ತಿ ಅವಳು ಕಡೆಯ ಬೆಂಚಿನಲ್ಲಿ ಕುಳಿತವಳು. ಗೌರೀಶ ಸರ್ ಮುಂದಿನ ಸಾಲಿನವರಿಂದ ಓದಿಸುತ್ತಿದ್ದರು. ಮುಂದಿನ ಸಾಲಿನವರಿಂದಲೇ ಉತ್ತರ ಕೇಳುತ್ತಿದ್ದರು. ಹಿಂದಿನವರು ಕೈ ಎತ್ತಿದರೆ ಒಂದೇ ಮಾತು. “ನೀವು ಸುಮ್ನ ಕುಂತ್ರ ಸಾಕವ್ವಾ. ಗದ್ಲ ಮಾಡಬ್ಯಾಡ್ರಿ.” ಅವಳು ಸುಮ್ಮನೆ ಕುಳಿತಿದ್ದಳು. ಇಡೀ ವರ್ಷದಲ್ಲಿ ಇಂಗ್ಲಿಷಿನ ಒಂದು ಸಾಲನ್ನೂ ಬಾಯಿಬಿಟ್ಟು ಓದಿರಲಿಲ್ಲ.

ಫಲಿತಾಂಶ ಬಂದ ಮರುದಿನ ಸರ್ ಬೈಕಿನ ಮೇಲೆ ಬುರಾನಸಾಬನ ಮನೆಯ ಮುಂದೆ ಬಂದು ನಿಂತರು. ಇಳಿಯಲಿಲ್ಲ. ಬುರಾನಸಾಬ ಲುಂಗಿ ಸರಿಮಾಡಿಕೊಳ್ಳುತ್ತ ಓಡಿ ಬಂದ.

“ಬುರಾನ, ನಪಾಸಾದವರಿಗೆ ಸೂಟಿಯೊಳಗ ಕಲಿಸಬೇಕಂತ ಆರ್ಡರ್ ಆಗೇತಿ. ಸಾಲಿ ಮ್ಯಾಲಿನ ಪತ್ರಾಸ ಬದಲ್ ಮಾಡಾಕ್ಹತ್ಯಾರ. ಅದಕ್ಕ ಕ್ಲಾಸ್ ನಮ್ಮ ಮನ್ಯಾಗ ತಗೋತೀನಿ. ಮಗಳನ್ನ ಕಳಸು. ಎರಡನೇ ಪರೀಕ್ಷೆ ಹತ್ರನ ಐತಿ.”

“ಭಾಳ ಉಪಕಾರ ಆತ್ರಿ ಸರ,” ಎಂದ ಬುರಾನಸಾಬ. ಎರಡೂ ಕೈ ಎದೆಗೆ ಹೋಗಿದ್ದವು.

ಸರ್ ಬೈಕು ಚಾಲೂ ಮಾಡಿದರು. ಹೊರಡುವ ಮೊದಲು ಇನ್ನೊಂದು ಮಾತು ಹೇಳಿದರು. “ಹಂಗ ಮನ್ಯಾಗ ಒಂದೆರಡು ಗಾದಿ ಅದಾವ. ತಮ್ಮನ ಲಗ್ನ ಐತಿ. ನಿನ್ನ ಮಗಳ ಕೈ ಚಲೋ ಐತೆಂತ ಕೇಳೀನಿ.”

“ಮಾಡ್ತಾಳ್ರಿ. ಅದೇನ್ ದೊಡ್ಡ ಮಾತ್ರಿ.”

ಬೇಸಿಗೆ ಎಂದರೆ ಲಗ್ನದ ಕಾಲ. ಲಗ್ನದ ಕಾಲ ಎಂದರೆ ಬುರಾನಸಾಬನಿಗೆ ಮನೆಯಲ್ಲಿ ನಿಲ್ಲಲು ಪುರಸೊತ್ತಿಲ್ಲ. ಹಿಂಜುವ ಮಶೀನನ್ನು ಬಾಡಿಗೆ ಟೆಂಪೋದಲ್ಲಿ ಏರಿಸಿಕೊಂಡು ಸವದತ್ತಿ, ಮನೋಳಿಯ ಕಡೆ ಊರೂರು ತಿರುಗುತ್ತಾನೆ. ಶುಕ್ರವಾರ ಮನೆಗೆ ಬರುತ್ತಾನೆ. ಬಂದವನು ಮಲಗಿದಲ್ಲಿಂದಲೇ ಕೆಮ್ಮುತ್ತಾನೆ. ಆದ್ದರಿಂದ ಸರ್ ಮನೆಯ ಗಾದಿ ಗುಲಫಶಾಳ ಪಾಲಿಗೆ ಬಂತು.

ಒಂದೆರಡು ಎಂದಿದ್ದರು. ಅಟ್ಟದಿಂದ ಇಳಿಸಿದ್ದನ್ನು ನೋಡಿದರೆ ಹಿತ್ತಲಿನ ಗೋಡೆಯುದ್ದಕ್ಕೂ ಗಾದಿಗಳೇ. ಅಜ್ಜನ ಕಾಲದವು, ಬಾಣಂತಿಯರು ಮಲಗಿದವು, ಇಲಿ ಕಡಿದವು.

ದಿನವೂ ಕ್ಲಾಸು ಒಂದೇ ರೀತಿ ನಡೆಯುತ್ತಿತ್ತು. ಬೆಳಿಗ್ಗೆ ಶೀತಲ ಬರುತ್ತಿದ್ದಳು. ಗುಲಫಶಾ ಬರುತ್ತಿದ್ದಳು. ಇಬ್ಬರೂ ಇಂಗ್ಲಿಷಿನಲ್ಲೇ ನಪಾಸಾದವರು. ಶೀತಲಳ ಅಪ್ಪನದು ರಾಮದುರ್ಗದಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ಕಾಲುವೆ ನೀರಿನ ಕಬ್ಬು. ಸರ್ ಇಬ್ಬರನ್ನೂ ಪಡಸಾಲೆಯ ಚಾಪೆಯ ಮೇಲೆ ಕೂಡಿಸುತ್ತಿದ್ದರು. “ಪುಸ್ತಕ ಬಿಚ್ಚಿ ಹಿಡೀರಿ. ಇತ್ತ ನೋಡಬ್ಯಾಡ್ರಿ, ಪುಸ್ತಕ ನೋಡ್ರಿ.” ಮೊಬೈಲಿನಲ್ಲಿ ಫೋಟೋ ಹೊಡೆದು ಶಾಲೆಯ ಗ್ರೂಪಿಗೆ ಕಳಿಸುತ್ತಿದ್ದರು. ಆಮೇಲೆ ಶೀತಲ ಚಾಪೆ ಬಿಟ್ಟು ಕುರ್ಚಿಗೆ ಏರುತ್ತಿದ್ದಳು. ಸರ್ ಗುಲಫಶಾಳ ಕಡೆ ತಿರುಗುತ್ತಿದ್ದರು.

“ನೀ ಏಳವಾ. ಹಿತ್ತಲಕ್ಕ ನಡಿ. ಬಿಸಲ ಏರೂದರೊಳಗ ಒಂದು ಗಾದಿ ಬಿಚ್ಚಿ ಬಿಡು. ಸಂಜೀಕ ನಿನಗ ಬ್ಯಾರೆ ಕಲಸ್ತೀನಿ.”

ಸಂಜೆ ಸರ್ ಹೊಲದ ಕಡೆ ಹೋಗುತ್ತಿದ್ದರು. ಇಲ್ಲವೇ ಲಗ್ನದ ಸಾಮಾನಿಗೆಂದು ಪೇಟೆಗೆ ಹೋಗುತ್ತಿದ್ದರು. ಇಲ್ಲವೇ ತಲೆ ನೋಯುತ್ತಿತ್ತು.

ಅವಳು ಪುಸ್ತಕವನ್ನು ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡುತ್ತಿದ್ದಳು. ನೀರು ಕುಡಿಯುವಾಗ ಒಂದು ಸಾಲು, ಸೂಜಿಗೆ ದಾರ ಪೋಣಿಸುವಾಗ ಒಂದು ಸಾಲು. ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಅರ್ಥ ಆಗುತ್ತಿರಲಿಲ್ಲ. ಕೇಳಲು ಯಾರೂ ಇರಲಿಲ್ಲ. ಅವ್ವ ಸೈದಾಬಿ ಶಾಲೆಯ ಮುಖ ಕಂಡವಳಲ್ಲ. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಅದೂ ಕನ್ನಡದಲ್ಲಿ. ಮೊಬೈಲು ಅಪ್ಪನ ಜೊತೆ ಊರೂರು ತಿರುಗುತ್ತಿತ್ತು.

ನೀರು ಬೇಕಾದರೆ ಅವಳು ಹಿತ್ತಲಿನ ನಳಕ್ಕೆ ಹೋಗಬೇಕು. ಮೊದಲ ದಿನ ತಿಳಿಯದೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಿದ್ದಳು. ಸೋಮವ್ವ ಕೊಡದ ಮೇಲಿನ ತಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡು ಹೇಳಿದ್ದಳು. “ಅಲ್ಲೇ ನಿಲ್ಲವ್ವಾ. ಒಳಗ ಬರಬ್ಯಾಡ. ನಳ ಐತಲ್ಲ ಹಿತ್ತಲದಾಗ.” ನಳದ ನೀರು ಮಧ್ಯಾಹ್ನ ಕಾದು ಕುದಿಯುತ್ತಿತ್ತು. ಅವಳು ಅದನ್ನೇ ಕುಡಿದಳು. ಅವಳು ಬಡಿದ ಅರಳೆಯ ಮೇಲೆ ಈ ಮನೆಯವರು ಕೆನ್ನೆ ಇಟ್ಟು ಮಲಗುತ್ತಾರೆ. ಅವಳ ಕೈಯ ಬೆವರು ಆ ಗಾದಿಯಲ್ಲಿ ಇರುತ್ತದೆ. ಅದು ನಡೆಯುತ್ತದೆ. ಕೊಡದ ನೀರು ನಡೆಯುವುದಿಲ್ಲ.

ಒಂದು ದಿನ ಸರ್ ವಾಕ್ಯ ಬದಲಿಸುವುದನ್ನು ಹೇಳಿಕೊಡುತ್ತಿದ್ದರು. ಪ್ಯಾಸಿವ್ ವಾಯ್ಸ್. ಗುಲಫಶಾ ದಬ್ಬಣ ಹಿಡಿದು ಹೊಲಿಯುತ್ತಿದ್ದುದರಿಂದ ಅವತ್ತು ಪಾಠ ಚೆನ್ನಾಗಿ ಕೇಳಿಸಿತು.

“ಮನಿ ಕಟ್ಟಲಾಯಿತು. ದಿ ಹೌಸ್ ವಾಜ್ ಬಿಲ್ಟ್. ಯಾರು ಕಟ್ಟಿದ್ರು ಅನ್ನೂದು ಇಲ್ಲಿ ಜರೂರಿಲ್ಲ, ಶೀತಲ. ಮಾಡಿದವರನ್ನ ಬಿಟ್ರೂ ವಾಕ್ಯ ಕರೆಕ್ಟ್ ಇರತೈತಿ. ಮಾರ್ಕ್ಸ್ ಹೋಗಂಗಿಲ್ಲ.”

ದಬ್ಬಣ ತಪ್ಪಿ ಹೆಬ್ಬೆರಳಿಗೆ ಹೋಯಿತು. ರಕ್ತದ ಹನಿ ಗಾದಿಯ ಗವಸಿಗೆ ಬಿತ್ತು. ಅವಳು ಬೆರಳು ಬಾಯಿಗೆ ಇಟ್ಟುಕೊಂಡಳು. ಸೋಮವ್ವ ಬಂದು ಹನಿಯನ್ನು ನೋಡಿ, “ಹೊಸಾ ಗವಸು, ಕಲೆ ಮಾಡಿದೆಲ್ಲ,” ಎಂದಳು. ಬೆರಳನ್ನು ನೋಡಲಿಲ್ಲ.

ಪರೀಕ್ಷೆ ಸಮೀಪ ಬಂತು. ಬೆರಳ ತುದಿಗಳು ಒಡೆದು ಸೀಳು ಬಿಟ್ಟಿದ್ದವು. ಮನೆಯಲ್ಲಿ ಪೆನ್ನು ಹಿಡಿದರೆ ಸೀಳಿಗೆ ಒತ್ತಿ ಚುರ್ರೆನ್ನುತ್ತಿತ್ತು. ಅವಳಿಗೆ ಕಲಿಯಬೇಕಾಗಿದ್ದು ಬಹಳ ಇರಲಿಲ್ಲ. ಪತ್ರ ಬರೆಯುವುದು ಹೇಗೆ, ಎಲ್ಲಿ ಶುರು ಮಾಡಬೇಕು, ಎಲ್ಲಿ ಸಹಿ ಮಾಡಬೇಕು. ಒಂದು ಪದ್ಯದ ಸಾರ. ಯಾವ ಪ್ರಶ್ನೆ ಏನು ಕೇಳುತ್ತದೆ ಎಂದು ಗುರುತಿಸುವುದು. ಒಬ್ಬರು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರೆ ಅಷ್ಟು ಆಗಿಹೋಗುತ್ತಿತ್ತು. ಆ ಒಬ್ಬರು ಕಿಟಕಿಯ ಆಚೆ ಇದ್ದರು.

ಬೈಲಹೊಂಗಲದಿಂದ ಬೀಗರು ಬರುವ ದಿನ ಅದು. ಹೆಣ್ಣಿನ ಕಡೆಯವರು. ಪೇಟೆಯಲ್ಲಿ ಅಡತಿ ಅಂಗಡಿ ಇದ್ದವರು. ಪಡಸಾಲೆಯಲ್ಲಿ ಹೊಸ ಗಾದಿ ಹಾಸಿ ಬಿಳಿ ಚಾದರ ಹೊದಿಸಿದ್ದರು. ಬೀಗರು ಕುಳಿತರು. ಹಿರಿಯರೊಬ್ಬರು ಅಂಗೈಯಿಂದ ಗಾದಿ ಒತ್ತಿ ನೋಡಿದರು.

“ಏನ್ ಮೆತ್ತಗ ಅದಾವ್ರಿ ಗಾದಿ! ಎಲ್ಲಿ ಮಾಡಸೀರಿ?”

“ಇಲ್ಲೇ ಮನ್ಯಾಗ ಮಾಡಸಿದ್ದು,” ಎಂದರು ಗೌರೀಶ ಸರ್.

ಗುಲಫಶಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಪುಸ್ತಕ ಇತ್ತು. ಇವತ್ತು ಕೇಳಬಾರದಿತ್ತು ಎಂದು ಆಮೇಲೆ ಎಷ್ಟೋ ಜನ ಅವಳಿಗೆ ಬುದ್ಧಿ ಹೇಳಿದರು. ಆದರೆ ನಿನ್ನೆ ಕೇಳಿದರೆ ನಾಳೆ ಎಂದಿದ್ದರು. ಮೊನ್ನೆ ಕೇಳಿದರೂ ನಾಳೆ ಎಂದಿದ್ದರು. ಇನ್ನು ಮೂರು ದಿನಕ್ಕೆ ಪರೀಕ್ಷೆ ಇತ್ತು. ಇವತ್ತಲ್ಲದೆ ಯಾವತ್ತು ಕೇಳಬೇಕಿತ್ತು?

“ಸರ್, ಪತ್ರಲೇಖನ ಒಂದು ತೋರಿಸ್ತೀನಿ ಅಂದಿದ್ರಿ.”

ತಲೆಗೂದಲಲ್ಲಿ, ಹುಬ್ಬಿನಲ್ಲಿ ಅರಳೆ ಮೆತ್ತಿಕೊಂಡ ಹುಡುಗಿಯನ್ನು ಎಲ್ಲರೂ ನೋಡಿದರು.

“ಯಾರ್ರಿ ಈಕಿ?” ಎಂದರು ಬೀಗರು.

“ನಮ್ಮೂರ ಪಿಂಜಾರ ಬುರಾನನ ಮಗಳು. ಇಂಗ್ಲಿಷ್ ನಪಾಸ ಆಗ್ಯಾಳ,” ಎಂದರು ಸರ್. ಅವರ ಮುಖದಲ್ಲಿ ನಗೆ ಇತ್ತು. ಬೀಗರಿಗೆ ತೋರಿಸಬೇಕಾದ ನಗೆ. “ಈಕಿಗೆ ಬ್ಯಾಸಗಿ ಪೂರ್ತಿ ಇಂಗ್ಲಿಷಿಂದ ಚಿಂತಿ ನೋಡ್ರಿ. ಏನವ್ವಾ, ಗಾದಿ ಹೊಲಿಯಾಕ ಇಂಗ್ಲಿಷ್ ಬೇಕೇನ? ಸೂಜಿಗೆ ಏ ಬಿ ಸಿ ಡಿ ಹೇಳ್ತೀಯೇನು?”

ಬೀಗರು ನಕ್ಕರು. ಸೋಮವ್ವ ನಕ್ಕಳು. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಶೀತಲಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಗುಲಫಶಾಳ ಕಿವಿ ಬಿಸಿಯಾದವು. ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಅವಳು ಹಿತ್ತಲಿಗೆ ಹೋದಳು. ಅರ್ಧ ಹೊಲಿದ ಗಾದಿಯಿಂದ ದಬ್ಬಣ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ಅದು ಅಪ್ಪನ ದಬ್ಬಣ. ಗೋಡೆಯ ಬದಿಗೆ ಇನ್ನೂ ಬಿಚ್ಚಿದ ಗಾದಿಗಳಿದ್ದವು. ಅರಳೆ ರಾಶಿ ಬಿದ್ದಿತ್ತು. ಅವಳು ಅದರ ಮೇಲೆ ತಾಡಪತ್ರಿಯನ್ನೂ ಮುಚ್ಚಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದಳು.

“ಎಲ್ಲಿ ಹೊಂಟೀ? ಏ ಹುಡುಗೀ!” ಸೋಮವ್ವ ಹಿಂದಿನಿಂದ ಕೂಗಿದಳು. ಗುಲಫಶಾ ತಿರುಗಲಿಲ್ಲ.

ಮರುದಿನ ಶುಕ್ರವಾರ. ಬುರಾನಸಾಬ ನಮಾಜು ಮುಗಿಸಿ ಬಂದು ಊಟಕ್ಕೆ ಕುಳಿತಿದ್ದಾಗ ಸರ್ ಫೋನು ಬಂತು. ಅವನು ಎಂಜಲು ಕೈಯಲ್ಲೇ ಎದ್ದು ನಿಂತು ಮಾತಾಡಿದ. ಮಾತಾಡಿದ್ದು ಮೂರೇ ಶಬ್ದ. ಹೌದ್ರಿ. ತಪ್ಪಾತ್ರಿ. ಬರತೇನ್ರಿ.

ಫೋನು ಇಟ್ಟು ಮಗಳ ಕಡೆ ತಿರುಗಿದ. “ಬೀಗರ ಮುಂದ ಮಾನ ಕಳದೆಂತ. ಗಾದಿ ಅರ್ಧಕ್ಕ ಬಿಟ್ಟು ಬಂದೀಯಂತ. ಸಂಜೀಕ ಮತ್ತ ಮಂದಿ ಬರೂದೈತಿ. ನಡಿ, ಮುಗಿಸಿ ಬಾ.”

“ನಾ ಹೋಗೂದಿಲ್ಲ.”

“ಹೋಗು ಅಂದ್ರ ಹೋಗಬೇಕು.”

“ಸೂಟಿ ಮುಗೀತು ಅಪ್ಪಾ. ಒಂದು ಅಕ್ಷರ ಕಲಿಸಿಲ್ಲ ಅವರು. ಫೋಟೋ ತಗೋತಾರ, ಹಿತ್ತಲಕ್ಕ ಅಟ್ಟತಾರ. ಗಾದಿ ಹೊಲಿಯಾಕ ಇಂಗ್ಲಿಷ್ ಬೇಕೇನ ಅಂತ ನಕ್ಕರು ನನ್ನ ನೋಡಿ. ಎಲ್ಲಾರೂ ನಕ್ಕರು.”

“ನಕ್ಕರ ನಗಲಿ! ನಗೂದಕ್ಕ ಏನ್ ಮೈಯಾಗ ಹುಣ್ಣ ಆಕ್ಕಾವೇನು? ನನ್ನ ನೋಡಿ ಎಷ್ಟ ಮಂದಿ ನಕ್ಕಾರ, ನಾ ಸತ್ತೇನೇನು?”

ಅವನು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ಆಮೇಲೆ ಮಗಳ ಚೀಲದಿಂದ ದಬ್ಬಣ ತೆಗೆದುಕೊಂಡ. ದಾರದ ಉಂಡೆ ಜೇಬಿಗೆ ಹಾಕಿಕೊಂಡ. ಬಿಸಿಲಿಗೆ ಹೊರಟುಹೋದ.

ಸೈದಾಬಿ ಗಂಡನ ತಾಟನ್ನು ಮುಚ್ಚಿಟ್ಟಳು. ಅವನು ಎರಡು ತುತ್ತೂ ಉಂಡಿರಲಿಲ್ಲ.

“ನೀ ಹೋಗದಿದ್ರ ನಿಮ್ಮಪ್ಪ ಹೋಗತಾನಂತ ನಿನಗ ಗೊತ್ತಿರಲಿಲ್ಲೇನು?”

“ಹಂಗಾದ್ರ ನಾನ ಹೋಗಬೇಕಿತ್ತೇನವ್ವಾ?”

“ನಾ ಹಂಗ ಅನ್ನಲಿಲ್ಲ,” ಎಂದಳು ಸೈದಾಬಿ. “ಆದ್ರ ಆ ಮನುಷ್ಯಾನ ಎದಿ ಈ ಧೂಳ ತಡೀಯಂಗಿಲ್ಲ. ಡಾಕ್ಟರ್ ಹೇಳ್ಯಾರ. ಮಶೀನಿನ ಮುಂದ ನಿಲ್ಲೂದ ಹೆಚ್ಚಾಗೇತಿ ಅವಗ.”

ಗುಲಫಶಾಳಿಗೆ ತಲೆ ಗೋಡೆಗೆ ಬಡಿದುಕೊಳ್ಳಬೇಕು ಎನಿಸಿತು. ಅವಳು ಕೆಲಸ ಬಿಟ್ಟದ್ದು ಸರ್‌ಗೆ ತಟ್ಟಬೇಕಿತ್ತು. ತಟ್ಟಿದ್ದು ಅಪ್ಪನಿಗೆ. ಅವಳು ಬಿಟ್ಟ ಗಾದಿಯನ್ನು ಅಪ್ಪ ಎತ್ತಿಕೊಂಡಿದ್ದ. ಏನು ಮಾಡಿದರೂ ಅದು ತಿರುಗಿ ಈ ಮನೆಗೇ ಬರುತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡಳು. ಅವ್ವ ಎಲ್ಲಿಗೆ ಎಂದು ಕೇಳಲಿಲ್ಲ.

ಬುರಾನಸಾಬ ಹಿತ್ತಲಿನ ನೆಲದ ಮೇಲೆ ಮಂಡಿ ಹಚ್ಚಿ ಕುಳಿತಿದ್ದ. ಬೆನ್ನಿಗೆ ಬಿಸಿಲು ಬೀಳುತ್ತಿತ್ತು. ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ದಬ್ಬಣ ಚುಚ್ಚುವುದು, ದಾರ ಎಳೆಯುವುದು, ಕೆಮ್ಮುವುದು. ಮತ್ತೆ ಚುಚ್ಚುವುದು. ಗುಲಫಶಾ ಅವನೆದುರು ಹೋಗಿ ನಿಂತಳು.

“ಅಪ್ಪಾ, ಏಳು.”

ಅವನು ತಲೆ ಎತ್ತಲಿಲ್ಲ. “ಮನಿಗೆ ಹೋಗು. ಇಷ್ಟು ಮುಗಿಸಿ ಬರತೇನಿ.”

“ಏಳಪ್ಪಾ.”

ಮಾತು ಕೇಳಿ ಗೌರೀಶ ಸರ್ ಹಿತ್ತಲಿಗೆ ಬಂದರು. ಅವರ ಹಿಂದೆ ಸೋಮವ್ವ.

“ಬಂದೀಯಾ?” ಎಂದರು ಸರ್. “ಬಂದಿದ್ದು ಚಲೋ ಆತು. ತಪ್ಪಾತಂತ ಹೇಳು, ನಿಮ್ಮಪ್ಪನ ಕೂಡ ಕುಂತು ಕೆಲಸ ಮುಗಸು. ಇವತ್ತ ಸಂಜೀಕ ಖರೇನ ಕಲಸ್ತೀನಿ.”

“ಇವತ್ತ ಸಂಜೀಕ ಅಂತ ಸೂಟಿ ಪೂರ್ತಿ ಅಂದೀರಿ ಸರ್,” ಎಂದಳು ಗುಲಫಶಾ. “ಆರ್ಡರ್ ಬಂದಿದ್ದು ನಮಗ ಕಲಿಸಾಕ. ನಾ ನಿಮ್ಮ ಮನಿ ಉಚ್ಚಿ ಗಾದಿ ಬಡದೀನಿ. ನಿಮ್ಮಪ್ಪಾರ ಸತ್ತ ಗಾದಿ ಬಡದೀನಿ. ಶೀತಲ ಕಲತ್ಳು. ನಾ ಏನ್ ಕಲತೆ?”

ಸರ್ ಮುಖ ಕೆಂಪಾಯಿತು. ನೆಲದ ಮೇಲೆ ಕುಳಿತವನ ಕಡೆ ತಿರುಗಿದರು.

“ಬುರಾನ, ಹಿಂಗ ಬೆಳಸೀಯೇನ ಮಗಳನ್ನ? ಹಾಲ್ ಟಿಕೆಟ್ ನನ್ನ ಕೈಯಾಗ ಐತಿ, ನೆನಪಿರಲಿ. ನಪಾಸಾದ ಪಿಂಜಾರ್ತಿಗೆ ಇಷ್ಟ ಸೊಕ್ಕ?”

ದಬ್ಬಣ ಅರ್ಧ ಒಳಗೆ ಹೋಗಿತ್ತು. ಬುರಾನಸಾಬನ ಕೈ ನಿಂತಿತು. ಅವನು ಗಾದಿಯನ್ನು ನೋಡಿದ. ಮಗಳ ಕಾಲನ್ನು ನೋಡಿದ. ಮೆಲ್ಲಗೆ ದಬ್ಬಣವನ್ನು ಹಿಂದಕ್ಕೆಳೆದು ದಾರವನ್ನು ಹಲ್ಲಿನಿಂದ ಕಡಿದ.

“ಆಕಿ ಹೆಸರು ಗುಲಫಶಾ ಐತ್ರಿ ಸರ,” ಎಂದ. “ಹಾಜರಿ ನೀವ ಕೂಗೀರಿ. ಗೊತ್ತಿರಬೇಕು.”

ಮಂಡಿಗೆ ಕೈ ಊರಿ ಎದ್ದ. ಏಳುವಾಗ ಜೋಲಿ ಹೊಡೆಯಿತು. ಗುಲಫಶಾ ರಟ್ಟೆ ಹಿಡಿದಳು. ಗಾದಿಯ ಒಂದು ಬದಿ ಇನ್ನೂ ಬಾಯಿ ತೆರೆದೇ ಇತ್ತು.

“ಅಯ್ಯ, ಸಂಜೀಕ ಮಂದಿ ಬರ್ತಾರೋ!” ಎಂದು ಸೋಮವ್ವ ಬಾಯಿ ಬಡಿದುಕೊಂಡಳು. “ಎಲ್ಲಿ ಮಲಗಸ್ಲಿ ಅವರನ್ನ?”

ಬುರಾನಸಾಬ ಚಪ್ಪಲಿ ಹುಡುಕುತ್ತ ಹೇಳಿದ, “ದಬ್ಬಣ ಹಿಡಿಯಾಕ ಇಂಗ್ಲಿಷ್ ಬೇಕಿಲ್ಲಂತಲ್ರೀ ಅವ್ವಾರ. ನೀವ ಹೊಲಕೋರಿ.”

ಮನೆ ಹತ್ತಿರ ಬಂದಾಗ ಬುರಾನಸಾಬ ಒಮ್ಮೆ ನಿಂತು, “ನಾ ಈ ಮಾತ ಆಡಬಾರದಿತ್ತು,” ಎಂದ. ಮುಖದಲ್ಲಿ ಹೆದರಿಕೆ ಇತ್ತು. ಆಮೇಲೆ ಒಳಗೆ ಹೋಗಿ, ಮುಚ್ಚಿಟ್ಟಿದ್ದ ತಾಟು ತೆಗೆದು ಪೂರ್ತಿ ಉಂಡ.

ಹಾಲ್ ಟಿಕೆಟ್ ಸರ್ ಕೈಯಲ್ಲಿ ಇರಲಿಲ್ಲ. ಗುಲಫಶಾ ಹೆಡ್‌ಮಾಸ್ತರ ಶಂಕರೆಪ್ಪನವರ ಮನೆಗೆ ಹೋದಾಗ ಅವರು ಡ್ರಾ ಎಳೆದು ಕೊಟ್ಟರು. ಶಾಲೆಯ ಪತ್ರಾಸ ಕೆಲಸ ಎಂದೋ ಮುಗಿದಿತ್ತು ಎಂಬುದೂ ಅವರ ಮಾತಿನಿಂದಲೇ ತಿಳಿಯಿತು.

ರಾಮದುರ್ಗದಲ್ಲಿ ಪರೀಕ್ಷೆ ಬರೆದಳು. ಬೆರಳಿನ ಸೀಳಿಗೆ ಬಟ್ಟೆ ಸುತ್ತಿಕೊಂಡು ಬರೆದಳು. ಗೊತ್ತಿದ್ದದ್ದನ್ನು ಬರೆದಳು. ಗೊತ್ತಿಲ್ಲದ ಕಡೆ ಪ್ರಶ್ನೆಯನ್ನೇ ಮತ್ತೆ ಬರೆದಳು. ಪತ್ರಲೇಖನದ ಪ್ರಶ್ನೆಯ ಎದುರು ಬಹಳ ಹೊತ್ತು ಕುಳಿತಳು. ಯಾರಿಗೆ ಬರೆಯಬೇಕು ಎಂಬುದು ಅರ್ಥವಾಯಿತು. ಹೇಗೆ ಬರೆಯಬೇಕು ಎಂಬುದು ಬರಲಿಲ್ಲ. ಹಾಳೆ ಖಾಲಿ ಬಿಟ್ಟು ಎದ್ದು ಬಂದಳು.

ಮತ್ತೆ ಇಂಗ್ಲಿಷ್ ಹೋಯಿತು. ಶೀತಲ ಪಾಸಾದಳು.

ಊರಲ್ಲಿ ಸರ್ ಮನೆಯಿದ್ದ ಗೌಡರ ಓಣಿಯ ಕಡೆಯಿಂದ ಬುರಾನಸಾಬನಿಗೆ ಗಾದಿಯ ಕೆಲಸ ಬರುವುದು ನಿಂತಿತು. ರಾಮದುರ್ಗದಿಂದ ರೆಡಿಮೇಡ್ ಗಾದಿ ತರಿಸುತ್ತೇವೆ ಎಂದರು. ಅವನು ಮಗಳಿಗೆ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದು ಅವಳಿಗೆ ಅಂದದ್ದಕ್ಕಿಂತ ಭಾರವಾಯಿತು. ಮೂರನೆಯ ಪರೀಕ್ಷೆ ಒಂದಿತ್ತು. ಅದೇ ಕಡೆಯದು.

ಒಂದು ಮುಂಜಾನೆ ಶೀತಲ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರದೆ ಹೊಸ್ತಿಲ ಹೊರಗೆ ನಿಂತಳು. ಅವಳಿಗೆ ಕಾಲೇಜಿನ ಪ್ರವೇಶ ಆಗಿತ್ತು.

“ಸರ್ ಹೇಳಿ ಕಳಸ್ಯಾರ. ತೆಲಿದಿಂಬು ಉಳದಾವಂತ. ಬಂದು ಮಾಡಿಕೊಟ್ರ ಮೂರನೇ ಪರೀಕ್ಷೆಗೆ ಕಲಸ್ತಾರಂತ. ಈ ಸಲ ಖರೇನಂತ.”

ಬುರಾನಸಾಬ ಒಳಗೆ ಚಹಾ ಕುಡಿಯುತ್ತಿದ್ದ. ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಅವನು ಮಗಳನ್ನು ನೋಡಿದ. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

“ನೀ ನಕ್ಕಿ ಅವತ್ತ,” ಎಂದಳು ಗುಲಫಶಾ.

ಶೀತಲ ಕಾಲುಬೆರಳು ನೋಡಿಕೊಂಡಳು. “ಎಲ್ಲಾರೂ ನಕ್ಕರು.”

“ಎಲ್ಲಾರೂ ನಪಾಸ ಆಗಿರಲಿಲ್ಲ. ನೀ ಆಗಿದ್ದಿ. ನನ್ನಂಗನ ಆಗಿದ್ದಿ.”

ಶೀತಲಳ ಕಣ್ಣಲ್ಲಿ ನೀರು ಬಂತು. ಗುಲಫಶಾ ಸಮಾಧಾನ ಮಾಡಲಿಲ್ಲ.

“ಹೋಗು, ಗುಲಫಶಾ. ಒಂದೆರಡು ದಿಂಬು ಏನಾಕ್ಕೈತಿ? ವರ್ಷ ಹಾಳಾಕ್ಕೈತಿ ಇಲ್ಲಾಂದ್ರ.”

“ಸಾಲಿ ತೆರದೈತಿ. ಅವರಿಗೆ ಪಗಾರ ಸಾಲ್ಯಾಗ ಕಲಿಸಾಕ ಕೊಡ್ತಾರ. ಸಾಲ್ಯಾಗ ಕಲಸ್ರಿ ಅಂತ ಹೇಳು.”

ಶೀತಲ ಹೋದಳು. ಬುರಾನಸಾಬ ಚಹಾ ಮುಗಿಸಿದ.

ಗುಲಫಶಾ ಹಳೆಯ ಸಮವಸ್ತ್ರ ಹಾಕಿಕೊಂಡಳು. ತೋಳು ಗಿಡ್ಡವಾಗಿತ್ತು. ಶಾಲೆಯ ಗೇಟಿನ ತನಕ ಸೈದಾಬಿ ಜೊತೆಗೆ ಬಂದಳು, ಮುಂದೆ ಬರಲು ಧೈರ್ಯ ಸಾಲದೆ ಅಲ್ಲೇ ನಿಂತಳು. ಮೊದಲ ಅವಧಿ ಶುರುವಾಗಿತ್ತು. ಗುಲಫಶಾ ಹತ್ತನೆಯ ತರಗತಿಯ ಬಾಗಿಲು ದಾಟಿ ನೇರವಾಗಿ ಮುಂದಿನ ಬೆಂಚಿಗೆ ಹೋದಳು. ಅಲ್ಲಿದ್ದ ಹುಡುಗಿಯರು ತಮಗಿಂತ ದೊಡ್ಡವಳನ್ನು ಕಂಡು ಸರಿದು ಜಾಗ ಕೊಟ್ಟರು. ಅವಳು ಕುಳಿತಳು.

ಗೌರೀಶ ಸರ್ ಬೋರ್ಡಿನಿಂದ ತಿರುಗಿದರು.

“ಏ, ಏಳು. ಇದು ನಿನ್ನ ಕ್ಲಾಸ್ ಅಲ್ಲ. ನಿನ್ನ ಹೆಸರು ಇಲ್ಲಿಲ್ಲ.”

“ನಾ ಏಳೂದಿಲ್ಲ ಸರ್. ಪರೀಕ್ಷೆ ಮುಗಿಯೂತನ ದಿನಾ ಬರತೇನಿ. ಇಲ್ಲೇ ಕೂಡ್ತೇನಿ. ಬೇಕಿದ್ರ ಹೆಡ್‌ಮಾಸ್ತರನ್ನ ಕರೀರಿ. ಬ್ಯಾಸಗಿಯೊಳಗ ನನಗ ಎಲ್ಲಿ ಕಲಿಸಿದ್ರಿ ಅಂತ ಅವರ ಮುಂದನ ಹೇಳ್ತೇನಿ.”

ಸರ್ ಬಾಗಿಲ ಕಡೆ ನೋಡಿದರು. ಕರೆಯಲು ಹೋಗಲಿಲ್ಲ. ಮೇಜಿನ ಮೇಲಿದ್ದ ಪುಸ್ತಕ ತೆಗೆದು ಅವಳ ಮುಂದೆ ಎಸೆದರು.

“ಹಂಗಾದ್ರ ಎದ್ದು ನಿಂತು ಓದು. ಎಲ್ಲಾರೂ ಕೇಳ್ಲಿ, ಎಷ್ಟ ಇಂಗ್ಲಿಷ್ ಬರತೈತಿ ನಿನಗ.”

ಅವಳು ಎದ್ದು ನಿಂತಳು. ಪುಟ ತೆರೆದಳು. ಮೊದಲ ಶಬ್ದದಲ್ಲೇ ಎಡವಿದಳು. ಎರಡನೆಯದನ್ನು ಅರ್ಧಕ್ಕೆ ಕತ್ತರಿಸಿ ಎರಡು ಮಾಡಿದಳು. ಹಿಂದಿನಿಂದ ಒಬ್ಬ ಕಿಸಕ್ಕೆಂದ. ಮತ್ತಿಬ್ಬರು ನಕ್ಕರು. ಇಡೀ ವರ್ಷ ಸುಮ್ಮನೆ ಕುಳಿತ ಬಾಯಿ ಅದು, ಬೇಗ ಹೊರಳಲಿಲ್ಲ. ಅವಳು ಅಕ್ಷರದ ಕೆಳಗೆ ಒಡೆದ ಬೆರಳು ಇಟ್ಟು, ಒಂದೊಂದನ್ನೇ ಒತ್ತಿ, ಮುಂದೆ ದೂಡಿದಳು. ಒಂದು ಸಾಲು ಮುಗಿಯಿತು. ಇನ್ನೊಂದು ಮುಗಿಯಿತು. ನಗೆ ತನ್ನಷ್ಟಕ್ಕೆ ದಣಿದು ನಿಂತಿತು.

“ಸಾಕು, ಕೂಡು,” ಎಂದರು ಸರ್.

ಪುಟದಲ್ಲಿ ಇನ್ನೂ ಬಹಳ ಇತ್ತು. ಅವಳು ಓದುತ್ತಲೇ ಇದ್ದಳು.